ಕ್ಯಾಮರಾದ ಕಣ್ಣು, ಕೈಚೀಲದ ಭಾರ
(ವಾಶಿಯ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಂತಿನ ಮೇಲೆ ಕ್ಯಾಮರಾ ಕೊಳ್ಳಹೊರಟ ಕೆಲವು ತರುಣರು 'ಯಾವುದನ್ನು ಕೊಳ್ಳೋಣ?' ಎಂದು ಕೇಳಿದ್ದರಿಂದ ಈ ವಿಷಯವನ್ನು ಆರಿಸಿಕೊಂಡೆ. ಎರಡು ಮೂರು ತಿಂಗಳ ಸಂಬಳ ಹೋಗುವ ಮಾತು. ಅಂಗಡಿಯವನ ಬಾಯಿಗೆ ಬಿಡತಕ್ಕದ್ದಲ್ಲ.

ಅವನು ಮೊದಲು ಹೇಳುವುದು ಮೆಗಾಪಿಕ್ಸೆಲ್ಲಿನ ಲೆಕ್ಕ. ನೀವು ಕೇಳಬೇಕಾದದ್ದು ಸೆನ್ಸರಿನ ಅಳತೆ. ಮೊದಲು ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗ ಬೆಳಕನ್ನು ಹಿಡಿಯುವ ಬಿಲ್ಲೆಯೇ ಸೆನ್ಸರ್. ಮಳೆ ಒಂದೇ ಆದರೂ ಅಂಗಳದಲ್ಲಿ ಹಂಡೆ ಇಟ್ಟವನಿಗೆ ಸಿಕ್ಕುವಷ್ಟು ನೀರು ಚೊಂಬು ಇಟ್ಟವನಿಗೆ ಸಿಕ್ಕುವುದಿಲ್ಲವಷ್ಟೆ. 'ಫುಲ್ ಫ್ರೇಮ್' ಎಂಬುದು 36×24, ಅಂದರೆ 864 ಚದರ ಮಿಲಿಮೀಟರು. 'ಎಪಿಎಸ್-ಸಿ' ಸುಮಾರು 370. ಅನೇಕ ಫೋನುಗಳದ್ದು 24ರ ಆಸುಪಾಸು. ಲೆನ್ಸಿನ ಎಫ್-ಸಂಖ್ಯೆಯೂ ಷಟರಿನ ವೇಗವೂ ಒಂದೇ ಆಗಿದ್ದರೆ ದೊಡ್ಡದಕ್ಕೆ ಫೋನಿನ 36ರಷ್ಟು ಬೆಳಕು ಬೀಳುತ್ತದೆ. ಮಬ್ಬಿನಲ್ಲಿ ತೆಗೆದ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವ ಕಾಳುಗಳು ಬೆಳಕಿನ ಕೊರತೆಯ ಫಲ. ಬೆಳಕು 36 ಪಾಲಾದರೆ ಅವು ಆರರಲ್ಲೊಂದು ಪಾಲಿಗೆ ಇಳಿಯುತ್ತವೆ.

ಇಲ್ಲೊಂದು ಎಚ್ಚರಿಕೆ. 'ಒಂದು ಇಂಚಿನ ಸೆನ್ಸರ್' ಎಂದು ಮಾರುವ ಬಿಲ್ಲೆ ನಿಜವಾಗಿ 13.2×8.8 ಮಿ.ಮೀ. ಮಾತ್ರ! ಹಳೆಯ ಟೆಲಿವಿಷನ್ ಕ್ಯಾಮರಾದ ಗಾಜಿನ ಕೊಳವೆಯ ಹೊರವ್ಯಾಸದಿಂದ ಉಳಿದು ಬಂದ ಹೆಸರು ಅದು. ಜವಳಿ ಅಂಗಡಿಯಲ್ಲಿ ಇಂಥ ಗಜಕಡ್ಡಿ ನಡೆದೀತೇ?

ಹಾಗಾದರೆ ದೊಡ್ಡದನ್ನೇ ಕೊಳ್ಳೋಣವೇ? ಮಾನ್‌ಖುರ್ದ್ ದಾಟಿ ರೈಲು ನಮ್ಮ ಖಾಡಿಯ ಸೇತುವೆಗೆ ಬಂದಾಗ ಕಾಣುವ ಫ್ಲೆಮಿಂಗೊಗಳನ್ನು ನೀವೆಲ್ಲ ಬಲ್ಲಿರಿ. ಠಾಣೆ ಖಾಡಿಯ ಒಂದು ಭಾಗವನ್ನು 2015ರಲ್ಲಿ ಅವುಗಳ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಆ ಹಕ್ಕಿಯನ್ನು ಹತ್ತಿರ ತರಲು ಫುಲ್ ಫ್ರೇಮಿಗೆ 600 ಮಿ.ಮೀ. ಲೆನ್ಸು ಬೇಕೆನ್ನಿ, ಲೆನ್ಸೊಂದೇ ಸಾಮಾನ್ಯವಾಗಿ ಎರಡು ಕಿಲೋ ತೂಗುತ್ತದೆ. 17.3×13 ಮಿ.ಮೀ. ಸೆನ್ಸರಿನ 'ಮೈಕ್ರೋ ಫೋರ್ ಥರ್ಡ್ಸ್' ಕ್ಯಾಮರಾಕ್ಕೆ 300 ಸಾಕು. ಹಾಡಹಗಲಿನಲ್ಲಿ ಬೆಳಕಿಗೇನು ಬರ? ಅಲ್ಲಿ ಚಿಕ್ಕದೇ ಜಾಣತನ.

ಭಾರದ ಈ ಪ್ರಶ್ನೆ ಹೊಸದಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ಉಬ್ಬಸದ ರೋಗಿಗೆ ಗಾಜಿನ ಫಲಕದ ಕ್ಯಾಮರಾ ಹೊತ್ತು ತಿರುಗುವುದು ಕಷ್ಟವಾಯಿತು. ಅವನು ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ 36×24ರ ಪುಟ್ಟ ಯಂತ್ರ ಮಾಡಿದ. ಅದು 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಂದು ಚಿಕ್ಕದೆನಿಸಿದ ಅಳತೆಯನ್ನೇ ಇಂದು ನಾವು ದೊಡ್ಡದೆನ್ನುತ್ತೇವೆ.

ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದ ಚಿತ್ರ ಹಕ್ಕಿಯದಲ್ಲ. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ, ಒಳಕೋಣೆಯ ಒಂದೇ ದೀಪದ ಬೆಳಕಿನಲ್ಲಿ ಕುಳಿತ ತಾಯಿಯದು. ಫೋನು ಹಲವು ಚಿತ್ರಗಳನ್ನು ಒಂದರಮೇಲೊಂದು ಬೆಸೆದು ಕೊರತೆಯನ್ನು ಮುಚ್ಚುತ್ತದೆ, ನಿಜ. ಮೊಮ್ಮಗು ಅವರ ತೊಡೆಯ ಮೇಲೆ ಹೊರಳಿದರೆ ಆ ಬೆಸುಗೆ ಕೆಡುತ್ತದೆ. ಇದಕ್ಕೆ ಎಪಿಎಸ್-ಸಿ ಕ್ಯಾಮರಾ, ಝೂಮ್ ಇಲ್ಲದ 35 ಮಿ.ಮೀ. ಚಿಕ್ಕ ಲೆನ್ಸು ಸಾಕೆಂದು ನನ್ನ ಅಭಿಪ್ರಾಯ. ಬೇರೆಯವರ ಕೈ ದಾಟಿ ಬಂದದ್ದಾದರೂ ಅಡ್ಡಿಯಿಲ್ಲ.

ಕೊಳ್ಳಲು ಹೋಗುವಾಗ ದಿನವೂ ಲೋಕಲ್ಲಿಗೆ ಒಯ್ಯುವ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹೋಗಿ. ಡಬ್ಬಿಯ ಪಕ್ಕದಲ್ಲಿ ಕ್ಯಾಮರಾ ಕೂರುತ್ತದೆಯೋ ಎಂದು ಅಂಗಡಿಯಲ್ಲಿಯೇ ಇಟ್ಟು ನೋಡಿ.