ಮಿರಜೆಯ ತಂಬೂರಿ, ಗಾಯಕರ ಕಿವಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಜತ್ತ ಸೀಮೆಯ ನಮಗೆ ಮಿರಜೆಯೆಂದೊಡನೆ ನೆನಪಾಗುವುದು ಆಸ್ಪತ್ರೆ; ಆಮೇಲೆ ರೈಲಿನ ಜಂಕ್ಷನ್ನು. ಔಷಧದ ಚೀಟಿ ಹಿಡಿದು ಆ ಊರಿನ ಬೀದಿಗಳನ್ನು ಸುತ್ತದ ಮನೆತನ ಈ ಸಭೆಯಲ್ಲಿ ವಿರಳ. ಹಿಂದುಸ್ತಾನಿ ಗಾಯಕರಿಗಾದರೋ ಮಿರಜೆ ಬೇಕಾದುದು ಬೇರೊಂದು ಕಾರಣಕ್ಕೆ. ಅಲ್ಲಿಯ ಸಿತಾರಮೇಕರ ಮನೆತನದವರು ಮಾಡುವ ತಂಬೂರಿಯನ್ನು ಗಾಯಕರು ಏಕೆ ಮೆಚ್ಚಿದರು ಎಂಬುದನ್ನು ಈ ದಿನ ತಮ್ಮೆದುರು ವಿಜ್ಞಾಪಿಸಬಯಸುತ್ತೇವೆ.

ಈ ಮನೆತನದವರು ಮೂಲತಃ ಶಿಕಲಗಾರರು. ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುವವರು. ಕುಂಪಣಿ ಸರಕಾರದ ಆಳಿಕೆಯಲ್ಲಿ ಆಯುಧಗಳ ಕೆಲಸ ಇಳಿಮುಖವಾಗಲು, ಸುಮಾರು 1850ರ ಹೊತ್ತಿಗೆ ಫರೀದಸಾಹೇಬ ಶಿಕಲಗಾರರು ವಾದ್ಯಗಳ ದುರಸ್ತಿಗೆ ಕೈಯಿಟ್ಟರು. ಪಟವರ್ಧನ ಸಂಸ್ಥಾನದಲ್ಲಿ ಸಂಗೀತಕ್ಕೆ ಮನ್ನಣೆಯಿದ್ದುದರಿಂದ ಆ ಕೈಗೆ ಕೆಲಸ ದೊರೆಯಿತು. ಕಬ್ಬಿಣದ ಅಲಗನ್ನು ಕೂದಲೆಳೆಯಷ್ಟು ನಯಗೊಳಿಸಬಲ್ಲ ಕಣ್ಣು ತಂಬೂರಿಯ ಕುದುರೆಗೂ ಒದಗಿತೆಂದು ನಮ್ಮ ಎಣಿಕೆ.

ತಂಬೂರಿಯ ಬುರುಡೆಯಾಗುವ ಸೋರೆ ಬೆಳೆಯುವುದು ಪಂಢರಪುರದ ಆಸುಪಾಸಿನ ಭೀಮಾತೀರದಲ್ಲಿ. ಬಸವಣ್ಣನವರು ಕರಣಿಕರಾಗಿದ್ದ ಮಂಗಳವಾಡ ಅದೇ ಸೀಮೆಯದು. ತಮ್ಮ ದೇಹವನ್ನೇ ವಾದ್ಯವಾಗಿಸಿಕೊಳ್ಳೆಂದು ಅವರು ದೇವರನ್ನು ಬೇಡಿದ ವಚನವನ್ನು ಇಲ್ಲಿಯ ಮಕ್ಕಳೆಲ್ಲ ಬಲ್ಲರು. ಅದರಲ್ಲಿ ಸೋರೆಯ ಪ್ರಸ್ತಾಪವೂ ಉಂಟು. ಮಿರಜೆಯ ಅಂಗಡಿಗಳ ಅಟ್ಟದಲ್ಲಿ ತೂಗುಬಿಟ್ಟ ಒಣಸೋರೆಗಳನ್ನು ಕಂಡಾಗ ಪಾಠ ಹೇಳುವ ನಮಗೆ ಆ ವಚನ ನೆನಪಾಗದೆ ಹೋಗದು. ಸೋರೆಯನ್ನು ತಿಂಗಳುಗಟ್ಟಲೆ ಒಣಗಿಸಿ, ಬಳಿಕ ನೀರಿನಲ್ಲಿ ನೆನೆಸಿ, ಕೊರೆದು, ಮರದ ದಂಡಿಗೆಯನ್ನು ಕೂಡಿಸಿ, ಮೇಲೆ ತೆಳುವಾದ ಹಲಗೆ ಹೊದಿಸಿ, ಅರಗಿನ ಮೆರುಗು ಕೊಡುವರು. ಇಷ್ಟನ್ನು ಒಳ್ಳೆಯ ಬಡಿಗನೂ ಕಲಿತಾನು. ಕಸುಬಿನ ಮರ್ಮವಿರುವುದು ಜವಾರಿಯಲ್ಲಿ.

ನಮ್ಮ ಕಡೆ ಜವಾರಿಯೆಂದರೆ ನಾಟಿ ಬದನೆ, ನಾಟಿ ಕೋಳಿ. ಈ ಜವಾರಿ ಅದಲ್ಲ. ತಂತಿಯು ಕುದುರೆಯ ಮೇಲೆ ಒಂದೇ ಅಂಚಿಗೆ ಒರಗುವುದಿಲ್ಲ. ಬಾಗಿದ ಮೈಯನ್ನು ಸವರಿಕೊಂಡು ಹೋಗುತ್ತದೆ. ತಂತಿಯ ಕೆಳಗೆ ಒಂದೆಳೆ ನೂಲನ್ನಿಟ್ಟು ಅತ್ತಿತ್ತ ಸರಿಸಿದರೆ ಮೂಕವಾಗಿದ್ದ ತಂತಿ ಒಮ್ಮೆಗೇ ದುಂಬಿಯಂತೆ ಮೊರೆಯುತ್ತದೆ. ಸರ್ ಸಿ. ವಿ. ರಾಮನ್ನರು 1921ರಲ್ಲಿ ನಮ್ಮ ತಂತಿವಾದ್ಯಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನೇ ವಿಚಾರಿಸಿದರು. ಹಳೆಯ ಸೂತ್ರದ ಮೇರೆಗೆ ಹುಟ್ಟಲೇಬಾರದ ಉಪಸ್ವರಗಳು ಈ ಕುದುರೆಯ ಮೇಲೆ ಹುಟ್ಟುತ್ತವೆಂದು ಅವರು ತೋರಿಸಿಕೊಟ್ಟರು. ಮಂದ್ರಷಡ್ಜದ ತಂತಿಯಿಂದ, ಯಾರೂ ಮೀಟದ ಗಾಂಧಾರವು ತಾನಾಗಿಯೇ ಕೇಳಿಬರುವುದನ್ನು ಗಾಯಕರು ಶ್ರುತಿಶುದ್ಧಿಯ ಗುರುತೆಂದು ಎಣಿಸುವರು. ಕುದುರೆಯನ್ನು ಅರದಿಂದ ಒಂದೆರಡು ಸಲ ಹೆಚ್ಚು ಉಜ್ಜಿದರೆ ಆ ಗಾಂಧಾರ ಮಾಯ.

ಗಾಯಕರ ಮೆಚ್ಚುಗೆಯ ಕಥೆ ಇಲ್ಲಿಂದಲೇ ಆರಂಭ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜೆಯಲ್ಲಿ ನೆಲಸಿದ್ದರು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ದೈವಾಧೀನರಾದಾಗ ಅವರ ದೇಹವನ್ನು ಮಿರಜೆಗೆ ತಂದು ದರ್ಗಾದ ಆವರಣದಲ್ಲಿ ಸಮಾಧಿ ಮಾಡಿದರು. ಒಂದೊಂದು ಸ್ವರದ ಮೇಲೆ ನಿಂತು ಅದನ್ನು ಅರಳಿಸುವುದು ಆ ಘರಾಣೆಯ ರೀತಿ. ಹಾಗೆ ನಿಲ್ಲುವವನಿಗೆ ಹಿಂದಿನ ತಂಬೂರಿ ತೃಣಮಾತ್ರ ಅಲುಗಿದರೂ ಸಹಿಸದು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಇವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಜೋಶಿಯವರ ಬೆನ್ನ ಹಿಂದೆ ನಿಂತ ಎರಡು ತಂಬೂರಿಗಳ ಚಿತ್ರವನ್ನು ಕಾಣದವರಾರು? ಅವರೂ ಮಿರಜೆಯ ಗಿರಾಕಿಗಳೇ.

ಆದರೆ ಎಲ್ಲರ ಕಿವಿಯೂ ಒಂದೇ ಅಲ್ಲ. ಗಾಯಕರು ತಂಬೂರಿಗೆ ಮಿರಜೆಯನ್ನು ಹುಡುಕಿದರೆ, ದೊಡ್ಡ ಸಿತಾರವಾದಕರು ಹೆಚ್ಚಾಗಿ ಕಲಕತ್ತೆಯ ಕಡೆಗೆ ನೋಡಿದರು. ಅವರಲ್ಲಿಯೂ ರವಿಶಂಕರರಿಗೆ ತೆರೆದ ಜವಾರಿ ಬೇಕು, ವಿಲಾಯತ ಖಾನರಿಗೆ ಮುಚ್ಚಿದ ಜವಾರಿ. ಗಾಯಕರಲ್ಲಿ ಗಂಡಸರಿಗೆ ಸುಮಾರು 5 ಅಡಿಯ ತಂಬೂರಿ, ಹೆಂಗಸರಿಗೆ ಅದಕ್ಕಿಂತ ಚಿಕ್ಕದು ಎಂಬುದು ರೂಢಿ. ಗಂಟಲಿನ ಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ಕಂಠ ಗಂಭೀರವಾಗಿ ತಗ್ಗಿತು. ಅಂಥ ಕಂಠಕ್ಕೆ ಆ ರೂಢಿ ಏನು ಹೇಳೀತು? ಅದಕ್ಕಾಗಿಯೇ ಬಲ್ಲ ಕುಶಲಕರ್ಮಿಯು ಹಾಡುವವರ ಶ್ರುತಿಯನ್ನು ಕೇಳಿಯೇ ಬುರುಡೆಯನ್ನು ಆರಿಸುತ್ತಾನೆ. ಕುಸುರಿ ಕೆಲಸ, ಬಣ್ಣದ ಬಳ್ಳಿಗಳನ್ನು ಮೆಚ್ಚಿ ಕೊಳ್ಳುವವರೂ ಉಂಟು. ಅವರು ಕಣ್ಣಿನಿಂದ ಕೇಳುವವರು.

2024ರಲ್ಲಿ ಮಿರಜೆಯ ಸಿತಾರ ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮುದ್ರೆ ದೊರೆಯಿತು. ಸಂತೋಷ. ಆದರೆ ಮುದ್ರೆಯಿಂದ ಗಿರಾಕಿಗಳು ಹುಟ್ಟುವುದಿಲ್ಲ. ವಿದ್ಯುತ್ತಿನ ತಂಬೂರಿ ಬಂದು ದಶಕಗಳೇ ಸಂದವು. ಈಗ ಕಿಸೆಯ ಮೊಬೈಲಿನಲ್ಲಿಯೇ ಶ್ರುತಿ ನುಡಿಯುತ್ತದೆ. ಪ್ರವಾಸದ ಗಾಯಕನಿಗೆ ಅದು ಉಪಕಾರಿ, ಅಲ್ಲಗಳೆಯೆವು. ಅದು ಎಂದೂ ಅಪಶ್ರುತಿಯಾಗದು. ಆದುದರಿಂದಲೇ ಕಲಿಯುವ ಮಗುವಿಗೆ ಶ್ರುತಿ ಸೇರಿಸುವುದನ್ನು ಅದು ಕಲಿಸಲಾರದು. ಬಿರಡೆ ತಿರುಗಿಸಿ, ಮಣಿ ಸರಿಸಿ, ನೂಲು ಹುಡುಕಿ, ಸೋತು, ಮತ್ತೆ ತಿರುಗಿಸಿದ ಮಗುವಿನ ಕಿವಿ ಬೇರೆಯೇ.

ನಮ್ಮ ಶಾಲೆಯ ಪ್ರಾರ್ಥನೆ ಮೊಬೈಲಿನ ಶ್ರುತಿಗೆ ನಡೆಯುತ್ತಿದೆ. ಆದುದರಿಂದ ಸಂಘದ ಕಾರ್ಯಕಾರಿ ಮಂಡಳಿಯವರಲ್ಲಿ ನಮ್ಮದೊಂದು ಅರಿಕೆ: ಈ ವರ್ಷದ ಉಳಿಕೆಯ ಹಣದಲ್ಲಿ ಒಂದು ತಂಬೂರಿಯನ್ನು ಮಿರಜೆಯಿಂದ ತರಿಸಬೇಕು. ಮಕ್ಕಳ ಏರುಶ್ರುತಿಗೆ ಚಿಕ್ಕ ಅಳತೆಯದೇ ಸಾಕು. ಅಲಂಕಾರ ಬೇಡ. ಜವಾರಿ ಸವೆದಾಗ ಬೆಳಗಿನ ಬಸ್ಸಿಗೆ ಒಯ್ದು, ಕೆಲಸ ಮುಗಿದರೆ ಅದೇ ದಿನ ಹಿಂದಿರುಗಬಹುದು. ಆಸ್ಪತ್ರೆಗೆ ಹೊರಡುವವರು ಹೇಗೂ ಇದ್ದೇ ಇರುತ್ತಾರೆ. ಜೊತೆಗೆ ಶಾಲೆಯ ಇಬ್ಬರು ಹುಡುಗರನ್ನು ಕಳುಹಿಸೋಣ. ಕುದುರೆಗೆ ಅರ ಹಿಡಿಯುವುದನ್ನು ಅವರೂ ಕುಳಿತು ನೋಡಲಿ.