ಹೊಟ್ಟೆ ತುಂಬಿದರೆ ಸಾಕೇ?

(ರಾಯದುರ್ಗ ಸೀಮೆಯ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಒಂದು ಬರಗಾಲದ ವರ್ಷ ನಮ್ಮ ಮನೆಯ ಎಮ್ಮೆಗೆ ಮೇವಿರಲಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ನಮ್ಮವ್ವ ಶೇಂಗಾ ಸಿಪ್ಪೆಯ ಪುಡಿ ತಂದಳು. ತೌಡಿನಲ್ಲಿ ಕಲಸಿ ಇಟ್ಟಳು. ಎಮ್ಮೆ ಹೊಟ್ಟೆ ತುಂಬ ತಿಂತು. ಆದರೆ ಹಾಲು ದಿನದಿನಕ್ಕೆ ಇಳೀತು. ಪಕ್ಕೆಲುಬು ಕಂಡವು. "ಇಷ್ಟು ತಿಂದರೂ ಯಾಕಪ್ಪ ಹಿಂಗೆ?" ಅಂದಳು ಅವ್ವ. ಆಗ ನನಗೆ ಉತ್ತರ ತಿಳಿದಿರಲಿಲ್ಲ. ಇವತ್ತು ಹೇಳುತ್ತೇನೆ.

ಮೆಲುಕು ಹಾಕುವ ದನಕ್ಕೆ ದೊಡ್ಡದೊಂದು ಹೊಟ್ಟೆ ಇದೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳಿವೆ. ಮೇವಿನ ನಾರನ್ನು ಕರಗಿಸುವುದು ಅವೇ. ಎಷ್ಟು ಕರಗಿತು ಅಂತ ವಿಜ್ಞಾನಿಗಳು ಅಳೆಯುತ್ತಾರೆ. ಹೇಗೆ?

ಆಪರೇಷನ್ ಮಾಡಿ ಹಸುವಿನ ಪಕ್ಕೆಯಲ್ಲಿ ಮುಚ್ಚಳವಿರುವ ಒಂದು ಕಿಂಡಿ ಇಡುತ್ತಾರೆ. ಸಣ್ಣ ನೈಲಾನ್ ಚೀಲದಲ್ಲಿ ಮೇವಿನ ಪುಡಿ ತೂಗಿ ಹಾಕುತ್ತಾರೆ. ಚೀಲವನ್ನು ಕಿಂಡಿಯಿಂದ ಹೊಟ್ಟೆಯೊಳಗೆ ಇಳಿಬಿಡುತ್ತಾರೆ. ಒಂದನ್ನು 12 ಗಂಟೆಗೆ, ಒಂದನ್ನು 24 ಗಂಟೆಗೆ, ಇನ್ನೊಂದನ್ನು 48 ಗಂಟೆಗೆ ತೆಗೆಯುತ್ತಾರೆ. ತೊಳೆದು, ಒಣಗಿಸಿ, ಮತ್ತೆ ತೂಗುತ್ತಾರೆ.

ಲೆಕ್ಕ ನೀವೇ ಮಾಡಿ. ಹಾಕಿದ್ದರಲ್ಲಿ ನಾರು 4 ಗ್ರಾಂ. ಉಳಿದದ್ದರಲ್ಲಿ 3 ಗ್ರಾಂ. ಕರಗಿದ್ದು 1 ಗ್ರಾಂ. ಅಂದರೆ ನೂರಕ್ಕೆ 25.

ಗಂಟೆ ಯಾಕೆ ನೋಡಬೇಕು? ಮೇವು ಹೊಟ್ಟೆಯಲ್ಲಿ ಕಾಯುತ್ತ ಕೂರುವುದಿಲ್ಲ, ಮುಂದಕ್ಕೆ ಸಾಗುತ್ತದೆ. ಅಷ್ಟರೊಳಗೆ ಕರಗಿದ್ದೇ ಹೆಚ್ಚಿನ ಲಾಭ.

ಸೋಯಾ ಕಾಳಿನ ಸಿಪ್ಪೆಯಲ್ಲೂ ನಾರು ಬಹಳ. ಆದರೆ 48 ಗಂಟೆಯಲ್ಲಿ ಅದರ ಬಹುಪಾಲು ಕರಗುತ್ತದೆ. ಶೇಂಗಾ ಸಿಪ್ಪೆಯ ನಾರು ಬಹುಪಾಲು ಹಾಗೇ ಉಳಿಯುತ್ತದೆ. ಅದರಲ್ಲಿ ಲಿಗ್ನಿನ್ ಎಂಬ ಕಟ್ಟಿಗೆಯಂಥ ಅಂಶ ಜಾಸ್ತಿ. ಅದು ನಾರನ್ನು ಬಿಗಿಹಿಡಿದಿರುತ್ತದೆ. ಆ ಜೀವಿಗಳ ಕೈಲಿ ಅದನ್ನು ಬಿಡಿಸಲು ಆಗದು. ನಮ್ಮೆಮ್ಮೆಯ ಹೊಟ್ಟೆ ತುಂಬಿತ್ತು, ಮೈಗೆ ಏನೂ ಹತ್ತಲಿಲ್ಲ.

ಹಾಗಾದರೆ ನಾವೇನು ಮಾಡೋಣ? ಶೇಂಗಾ ಬಳ್ಳಿ ಒಳ್ಳೆಯ ಮೇವು, ಅದನ್ನು ದನಕ್ಕೆ ಉಳಿಸಿ. ಸಿಪ್ಪೆ ಒಲೆಗೆ ಇರಲಿ. ಒಣಮೇವಿನ ಜೊತೆ ಸ್ವಲ್ಪ ಹಿಂಡಿ, ಹಸಿರು ಮೇವು ಕೊಡಿ. ಆ ಜೀವಿಗಳಿಗೂ ಬಲ ಬರುತ್ತದೆ. ಸಗಣಿಯನ್ನು ಜರಡಿಯಲ್ಲಿ ಹಾಕಿ ನೀರಲ್ಲಿ ತೊಳೆದು ನೋಡಿ. ಉದ್ದನೆಯ ನಾರು, ಇಡೀ ಕಾಳು ಬಹಳ ಸಿಕ್ಕರೆ ಮೇವು ಸರಿಯಾಗಿ ಅರಗುತ್ತಿಲ್ಲ ಅಂತ ತಿಳಿಯಿರಿ.

ಪಶು ಆಹಾರದ ಚೀಲದ ಮೇಲೆ 'ನಾರು' ಇಷ್ಟು ಅಂತ ಬರೆದಿರುತ್ತದೆ. ಅದನ್ನು ಓದಿ. ಆದರೆ ಅಲ್ಲಿಗೇ ನಿಲ್ಲಬೇಡಿ. "ಯಾವುದರ ನಾರು?" ಅಂತ ಅಂಗಡಿಯವರನ್ನು ಕೇಳಿ. ಅಕ್ಷರ ಕಲಿತದ್ದು ಈ ಒಂದು ಪ್ರಶ್ನೆ ಕೇಳೋದಕ್ಕೂ ಆಗಲಿ.