ತಿಂಡಿ ಬೀದಿಯಿಂದ ಬೆಟ್ಟದ ತನಕ

(ಮಲೆನಾಡಿನಿಂದ ಬಂದು ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿದವರು ಜಯನಗರದಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ನಗರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಉದ್ಯೋಗ ಬೇರೂರಿದೆ. ಹತ್ತು ಹನ್ನೆರಡು ಜನರ ತಂಡ ಕಟ್ಟಿಕೊಂಡು, ತಲೆಗೆ ಇಷ್ಟೆಂದು ಶುಲ್ಕ ಪಡೆದು, ಹೋಟೆಲಿನಿಂದ ಹೋಟೆಲಿಗೆ ಕಾಲ್ನಡಿಗೆಯಲ್ಲಿ ಕರೆದೊಯ್ಯುವುದು. ಒಂದು ಕಡೆ ದೋಸೆ, ಇನ್ನೊಂದು ಕಡೆ ಹೋಳಿಗೆ, ಮತ್ತೊಂದು ಕಡೆ ಕಾಫಿ ಕೊಡಿಸಿ, ಆಯಾ ತಿಂಡಿಯ ಕತೆ ಹೇಳುವುದು. ಇದಕ್ಕೆ 'ಫುಡ್ ವಾಕ್' ಎಂದು ಹೆಸರು. ನಾನು ಇದನ್ನು ತಿಂಡಿ ನಡಿಗೆ ಎಂದು ಕರೆಯುತ್ತೇನೆ. ಇದು ಹೊಟ್ಟೆ ತುಂಬಿದವರ ವಿಲಾಸ, ಬೆಟ್ಟದಲ್ಲಿ ಬದುಕುವ ನಮಗೂ ಇದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧವಿದೆ. ಆ ನಡಿಗೆಯಲ್ಲಿ ಕೈಗೆ ಬರುವ ಲೋಟ, ತಟ್ಟೆ, ಕುಡಿಯುವ ನೀರು, ಇವುಗಳಲ್ಲಿ ಬಹುಪಾಲು ನಮ್ಮ ಬೆಟ್ಟಗಳಿಂದಲೇ ಇಳಿದು ಬಂದದ್ದು. ಆದರೆ ನಡಿಗೆಯ ಕತೆಯಲ್ಲಿ ಬೆಟ್ಟವೂ ಇಲ್ಲ, ಹೊಲವೂ ಇಲ್ಲ. ಈ ಕೊರತೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪ್ರಪಂಚದ ಅನೇಕ ಪ್ರವಾಸಿ ಪಟ್ಟಣಗಳಲ್ಲಿ ಇಂಥ ನಡಿಗೆಗಳು ಹಿಂದಿನಿಂದಲೂ ಇವೆ. ಮೆಕ್ಸಿಕೋದ ಕಡಲತೀರದ ಊರುಗಳಲ್ಲಿ ಪ್ರವಾಸಿಗರಿಗೆ ಮೀನಿನ ಟಾಕೊ ತಿನ್ನಿಸಿ, ಭೂತಾಳೆ ಜಾತಿಯ ಗಿಡದಿಂದ ಭಟ್ಟಿ ಇಳಿಸಿದ ಟಕಿಲಾದ ರುಚಿ ತೋರಿಸುವುದು ಸಾಮಾನ್ಯ. ಆ ದೇಶದ ಅಡುಗೆಯ ವಿಷಯದಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಯುನೆಸ್ಕೊ 2010ರಲ್ಲಿ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗೆ ಸೇರಿಸುವಾಗ ಅಡುಗೆಮನೆಯೊಂದನ್ನೇ ಪರಿಗಣಿಸಲಿಲ್ಲ. 'ಮಿಲ್ಪಾ' ಎಂಬ ಮಿಶ್ರಬೆಳೆಯ ಹೊಲವನ್ನೂ ಆ ಪರಂಪರೆಯ ಅಂಗವೆಂದು ದಾಖಲಿಸಿತು. ಮಿಲ್ಪಾದಲ್ಲಿ ಮುಸುಕಿನ ಜೋಳದ ದಂಟನ್ನು ಹುರುಳಿಕಾಯಿ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲವನ್ನು ಮುಚ್ಚಿ ತೇವ ಕಾಯುತ್ತದೆ, ದ್ವಿದಳ ಧಾನ್ಯದ ಬೇರು ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತದೆ. ಈ ಹೊಲ ಹೋದರೆ ಈ ಅಡುಗೆಯೂ ಹೋಗುತ್ತದೆ ಎಂಬ ತಿಳಿವಳಿಕೆ ಆ ದಾಖಲೆಯ ಹಿಂದಿದೆ.

ಈ ತಿಳಿವಳಿಕೆಯನ್ನು ಇಟ್ಟುಕೊಂಡು ನಮ್ಮ ಬೀದಿಗಳನ್ನು ನೋಡೋಣ. ಕಳೆದೊಂದು ಜನವರಿಯ ಭಾನುವಾರ ನಾನೂ ಇಂಥ ತಂಡವೊಂದನ್ನು ಸೇರಿದೆ. ಗಾಂಧಿ ಬಜಾರಿನಲ್ಲಿ ಆರಂಭಿಸಿ, ವಿಶ್ವೇಶ್ವರಪುರದ ತಿಂಡಿ ಬೀದಿಯನ್ನು ಹಾದು, ಜಯನಗರದಲ್ಲಿ ಕಾಫಿಯೊಂದಿಗೆ ಮುಗಿಸುವ ಮಾರ್ಗ. ಮಾರ್ಗದರ್ಶಿ ಯುವಕ ವಿಷಯ ಬಲ್ಲವನು, ಮಾತಿನಲ್ಲಿ ಅಚ್ಚುಕಟ್ಟು. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ದೋಸೆಯ ವಿಚಾರ ಹೇಳಿದ. ಉಡುಪಿ ಸೀಮೆಯಿಂದ ಬಂದ ಸಹೋದರರು 1924ರಲ್ಲಿ ತೆರೆದ ಕಾಫಿ ಹೋಟೆಲು ಎಂ.ಟಿ.ಆರ್. ಆಗಿ ಬೆಳೆದದ್ದನ್ನು ವಿವರಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು ಆ ಹೋಟೆಲಿನವರು ಹೇಳುವುದನ್ನೂ ತಿಳಿಸಿದ. ಕೇಳುತ್ತಿದ್ದವರೆಲ್ಲ ತಲೆದೂಗಿದರು.

ಈ ರವೆ ಇಡ್ಲಿಯ ಪ್ರಸಂಗವನ್ನೇ ಸ್ವಲ್ಪ ಯೋಚಿಸಿ. 1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ದೂರದ ಗದ್ದೆಯೊಂದರ ದಾರಿ ಮುಚ್ಚಿದ್ದರಿಂದ ಇಲ್ಲಿಯ ತಟ್ಟೆಯ ಮೇಲಿನ ತಿಂಡಿಯೇ ಬದಲಾಯಿತು. ದೋಸೆಯ ಒಳಗೆ ಸವರುವ ಕೆಂಪು ಚಟ್ನಿಯೂ ಅಂಥದೇ ಕತೆ ಹೇಳುತ್ತದೆ. ಮೆಣಸಿನಕಾಯಿಯ ತವರು ಮೆಕ್ಸಿಕೋ ಸೀಮೆ. ಪೋರ್ಚುಗೀಸರ ಹಡಗಿನಲ್ಲಿ ಅದು ಬರುವ ಮೊದಲು ನಮ್ಮ ಖಾರಕ್ಕೆ ಇದ್ದದ್ದು ಘಟ್ಟದ ಕರಿಮೆಣಸು. ಹೊಸಬನಿಗೆ ನಮ್ಮವರು ಹಳಬನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಬಸವನಗುಡಿಯ ಪರಿಷೆಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ರಾಶಿ ಬೀಳುವ ಕಡಲೆಕಾಯಿಯೂ ದಕ್ಷಿಣ ಅಮೆರಿಕದ ಮೂಲದ್ದು. ಪ್ರತಿ ತಿಂಡಿಯ ಹಿಂದೆಯೂ ಹೊಲವೊಂದಿದೆ, ದಾರಿಯೊಂದಿದೆ. ತಿಂಡಿ ನಡಿಗೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯೇ ನಿಂತುಬಿಟ್ಟರೆ ಕತೆಯ ಉತ್ತರಾರ್ಧ ಮಾತ್ರ ನಮಗೆ ದಕ್ಕುತ್ತದೆ.

ಮೊದಲು ಅವರೆಕಾಯಿಯನ್ನು ತೆಗೆದುಕೊಳ್ಳುತ್ತೇನೆ. ತಿಂಡಿ ಬೀದಿಯಲ್ಲಿ ಅಂದು ಎಲ್ಲೆಲ್ಲೂ ಅವರೆಯದೇ ಘಮ. ಹಿತಕಿದ ಬೇಳೆಯ ಸಾರು, ಅವರೆ ದೋಸೆ, ಅವರೆ ಉಪ್ಪಿಟ್ಟು. ಸಜ್ಜನ್‌ರಾವ್ ವೃತ್ತದ ಬಳಿ 2000ದಲ್ಲಿ ಆರಂಭವಾದ ಅವರೆಬೇಳೆ ಮೇಳಕ್ಕೆ ಜನಸಂದಣಿ ಹೆಚ್ಚಿ, 2023ರಲ್ಲಿ ಅದನ್ನು ನ್ಯಾಷನಲ್ ಕಾಲೇಜಿನ ಮೈದಾನದಲ್ಲಿ ನಡೆಸಬೇಕಾಯಿತು. ಮಾಗಡಿ ಮುಂತಾದ ಕಡೆಯ ರೈತರ ಅವರೆಗೆ ನಗರದಲ್ಲಿ ಬೇಡಿಕೆ ತಂದುಕೊಟ್ಟ ಮೇಳವಿದು, ಇದನ್ನು ಮೆಚ್ಚಲೇಬೇಕು. ಆದರೆ ಅವರೆಯ ಸೊಗಡು ಎಲ್ಲಿಂದ ಬರುತ್ತದೆ? ಕಾಯಿಯ ಸಿಪ್ಪೆಯ ಮೇಲಿರುವ ಎಣ್ಣೆಯಂಥ ಜಿಡ್ಡಿನಿಂದ. ಇಬ್ಬನಿ ಸುರಿದಷ್ಟೂ ಸೊಗಡು ಎಂಬುದು ರೈತರ ಅನುಭವದ ಮಾತು. ನಾಡಿನ ಹಳೆಯ ತಳಿಗಳು ಹಗಲು ಕುಗ್ಗತೊಡಗಿದ ಮೇಲೆಯೇ ಹೂ ಬಿಡುವಂಥವು. ಮುಂಗಾರಿನಲ್ಲಿ ರಾಗಿಯ ಜೊತೆ ಬಿತ್ತಿದ ಅವರೆ, ರಾಗಿಯ ಕೊಯ್ಲು ಮುಗಿದ ಮೇಲೆ, ಚಳಿಯಲ್ಲಿ ಕಾಯಿ ಕಟ್ಟುತ್ತದೆ. ನೆಲ ಒಂದೇ, ಮಳೆ ಒಂದೇ, ಫಸಲು ಎರಡು.

ಇದೇ ನಮ್ಮ ಅಕ್ಕಡಿ ಪದ್ಧತಿ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಮೆಕ್ಸಿಕೋದ ಮಿಲ್ಪಾ ಮಾಡುವ ಕೆಲಸವನ್ನೇ ಹಳೆಯ ಮೈಸೂರು ಸೀಮೆಯ ಈ ಹೊಲ ತನ್ನದೇ ರೀತಿಯಲ್ಲಿ ಮಾಡಿಕೊಂಡು ಬಂದಿದೆ. ನಾವು ಇಂದು ಕುಳಿತಿರುವ ಬಡಾವಣೆಗಳ ಹೆಸರುಗಳೇ ಇಲ್ಲಿಯ ಹಿಂದಿನ ಹಳ್ಳಿಗಳನ್ನು ನೆನಪಿಸುತ್ತವೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಜೆ.ಪಿ. ನಗರದ ಮಗ್ಗುಲಲ್ಲಿ ಸಾರಕ್ಕಿ, ಜಯನಗರದ ಮಗ್ಗುಲಲ್ಲಿ ಯಡಿಯೂರು. ಕೆರೆಯಿದ್ದ, ಕೆರೆಯ ಹಿಂದೆ ಗದ್ದೆಯೂ ದಿಣ್ಣೆಯಲ್ಲಿ ಹೊಲವೂ ಇದ್ದ ಊರುಗಳಿವು. ಬಡಾವಣೆ ಬಂದಂತೆ ಹೊಲ ಮಾಗಡಿ, ಕನಕಪುರಗಳ ಕಡೆಗೆ ಹಿಂದೆ ಸರಿಯಿತು.

ನನ್ನ ವೃತ್ತಿಯವರ ಪಾತ್ರವನ್ನೂ ಇಲ್ಲಿ ಹೇಳಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ ತಳಿಗಳನ್ನು ಕೊಟ್ಟರು. ಇವಕ್ಕೆ ಹಗಲಿನ ಉದ್ದದ ಹಂಗಿಲ್ಲ. ವರ್ಷದ ಯಾವ ಕಾಲದಲ್ಲೂ ಬಿತ್ತಬಹುದು. ನೀರಾವರಿಯಿದ್ದ ರೈತನಿಗೆ ಇದರಿಂದ ಕೈತುಂಬ ಕಾಸು ಬಂದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ವರ್ಷವಿಡೀ ಬೆಳೆಯುವ ಅವರೆಗೆ ರಾಗಿಯ ಜೊತೆ ಬೇಕಾಗಿಲ್ಲ. ಅದು ಅಕ್ಕಡಿಯನ್ನು ಬಿಟ್ಟು ಒಂಟಿ ಬೆಳೆಯಾಗುತ್ತದೆ. ಮಳೆಯಾಶ್ರಿತ ಬಡ ರೈತನ ಹೊಲದಲ್ಲಿ ಮಣ್ಣಿಗೆ ಸಾರಜನಕ, ದನಕ್ಕೆ ಮೇವು, ಮನೆಗೆ ಬೇಳೆ ಎಲ್ಲವನ್ನೂ ಒದಗಿಸುತ್ತಿದ್ದ ಏರ್ಪಾಡು ಸಡಿಲವಾಗುತ್ತದೆ. ಗ್ರಾಹಕನು ಪುಷ್ಯ ಮಾಸದ ಸೊಗಡವರೆಯನ್ನು ಗುರುತಿಸಿ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಅಕ್ಕಡಿಗೆ ಬಲ ಬರುತ್ತದೆ. ಗುರುತಿಸಲು ಯಾರು ಕಲಿಸಬೇಕು? ಕಾಯಿಯನ್ನು ಕೈಗೆ ಕೊಟ್ಟು ಮೂಸಿ ನೋಡಿ ಎನ್ನಬಲ್ಲ ಮಾರ್ಗದರ್ಶಿ ಕಲಿಸಬಹುದು.

ಇನ್ನು ಕಾಫಿ. ಇದು ನೇರವಾಗಿ ನಮ್ಮ ಬೆಟ್ಟದ ವಿಷಯ. ಭಾರತದಲ್ಲಿ ಬೆಳೆಯುವ ಕಾಫಿಯ ಶೇ. 70ರಷ್ಟು ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನ ಈ 3 ಜಿಲ್ಲೆಗಳದ್ದು. ಈ ಬೆಳೆಯ ವಿಶೇಷವೆಂದರೆ ಅದು ಮರದ ನೆರಳಿನಲ್ಲಿ ಬೆಳೆಯುತ್ತದೆ. ಅತ್ತಿ, ಹಲಸು, ಬೀಟೆ, ಮತ್ತಿ ಮುಂತಾದ ಕಾಡುಮರಗಳ ಕೆಳಗೆ ಅರೇಬಿಕಾ. ನೆರಳು ತೆಳುವಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ ಹೆಚ್ಚುತ್ತದೆ. ರೊಬಸ್ಟಾಕ್ಕೆ ಅಷ್ಟು ನೆರಳು ಬೇಡ, ಆ ಹುಳುವಿನ ಭಯವೂ ಇಲ್ಲ. ಇಂದು ದೇಶದ ಉತ್ಪನ್ನದಲ್ಲಿ ರೊಬಸ್ಟಾದ ಪಾಲು ಶೇ. 70ರ ಆಸುಪಾಸು. ಕಾಡುಮರ ಕಡಿಯಲು ಅನುಮತಿ ಬೇಕು, ಸಿಲ್ವರ್ ಓಕ್ ಕಡಿಯಲು ಆ ತೊಡಕಿಲ್ಲ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಯನ್ನೂ ಹೊರುತ್ತದೆ. ಹೀಗಾಗಿ ಒಂದೊಂದೇ ಕಾಡುಮರದ ಜಾಗಕ್ಕೆ ಆಸ್ಟ್ರೇಲಿಯ ಮೂಲದ ಈ ಮರ ಬಂದು ನಿಲ್ಲುತ್ತಿದೆ. ಬೆಳೆಗಾರನನ್ನು ದೂರಿ ಫಲವಿಲ್ಲ. ಅವನಿಗೆ ಸಿಗುವುದು ಬೀಜದ ಬೆಲೆ. ಅವನು ಉಳಿಸಿದ ನೆರಳಿಗೆ ಬೆಲೆ ಕಟ್ಟುವವರಿಲ್ಲ.

ಆದರೆ ಆ ನೆರಳಿನಿಂದ ಬದುಕುತ್ತಿರುವವರು ಯಾರು? ಈ ಸಭೆಯಲ್ಲಿರುವ ನಾವೆಲ್ಲ. ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಯಗಚಿ, ಇವೆಲ್ಲ ಕಾಫಿ ನಾಡಿನಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಹೊಳೆಗಳು. ಆ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುತ್ತಾರೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಕಾರ್ಯಾರಂಭ ಮಾಡಿದವು. ಅದೇ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಈ ನಗರ ಕೊಡ ಹಿಡಿದು ನಿಂತದ್ದನ್ನು ನೀವು ಕಂಡಿದ್ದೀರಿ. ಹಾಗಾಗಿ ಜಯನಗರದ ಹೋಟೆಲಿನಲ್ಲಿ ಬೈಟು ಕಾಫಿ ಹಂಚಿಕೊಳ್ಳುವಾಗ, ಡಿಕಾಕ್ಷನ್ನಿನ ಪುಡಿ ಬಂದ ಬೆಟ್ಟದಿಂದಲೇ ಅದನ್ನು ಇಳಿಸಿದ ನೀರೂ ಬಂದಿರುತ್ತದೆ. ಮಳೆಯನ್ನು ತಡೆದು ಮಣ್ಣಿಗೆ ಇಳಿಸುವ ಮರ ಹೋದರೆ ಎರಡಕ್ಕೂ ಕುತ್ತು. ಇದನ್ನು ಹೇಳಲು ಮಾರ್ಗದರ್ಶಿಗೆ 2 ನಿಮಿಷ ಸಾಕು. ಇಷ್ಟು ಸರಳವಾದ ಪರಿಸರ ಪಾಠ ಬೇರೆಲ್ಲಿ ಸಿಕ್ಕೀತು?

ತಿಂಡಿ ಹಾಕಿಕೊಟ್ಟ ಹಾಳೆತಟ್ಟೆಯನ್ನೂ ಮರೆಯಬಾರದು. ಅದು ಅಡಿಕೆ ತೋಟದ ಉತ್ಪನ್ನ. ಬಿಸಾಡುವ ಮುನ್ನ ಅದು ಯಾವ ಮರದ್ದೆಂದು ತಂಡದಲ್ಲಿ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ. ನಗರದ ನಾಲಿಗೆಗೆ ರುಚಿ ಹತ್ತಿದ್ದೆಲ್ಲ ಬೆಟ್ಟಕ್ಕೆ ಒಳಿತನ್ನೇ ಮಾಡುತ್ತದೆಂಬ ನಂಬಿಕೆ ನನಗಿಲ್ಲ. ವೆನಿಲಾ ಮೆಕ್ಸಿಕೋದ ಬಳ್ಳಿ. 2003ರ ಹೊತ್ತಿಗೆ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಾರು ರೂಪಾಯಿಗೆ ಏರಿದಾಗ ಮಲೆನಾಡಿನ ತೋಟತೋಟದಲ್ಲೂ ಅದು ಹಬ್ಬಿತು. ಅದರ ತವರಿನ ಜೇನು ಇಲ್ಲಿಲ್ಲವಾದ್ದರಿಂದ ಮನೆಮಂದಿಯೆಲ್ಲ ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡಿದರು. 2005ರ ಹೊತ್ತಿಗೆ ಬೆಲೆ ನೆಲಕಚ್ಚಿತು, ಬಳ್ಳಿ ಕಿತ್ತೆಸೆದರು. ಅಪ್ಪೆಮಿಡಿಗೆ 2009ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿತು. ಆದರೂ ಮಿಡಿಯ ಆಸೆಗೆ ಹೊಳೆಯಂಚಿನ ಮರದ ಕೊಂಬೆಯನ್ನೇ ಕಡಿದುರುಳಿಸುವವರಿದ್ದಾರೆ. ಆದ್ದರಿಂದ ಬೆಟ್ಟವನ್ನು ಮತ್ತೊಂದು ತಿಂಡಿ ಬೀದಿ ಮಾಡಿ ಎಂದು ನಾನು ಕೇಳುತ್ತಿಲ್ಲ. ವಾರದ ಕೊನೆಗೆ ಘಟ್ಟ ಹತ್ತುವ ಕಾರುಗಳ ಸಾಲು ಈಗಾಗಲೇ ಸಾಕಷ್ಟು ಉದ್ದವಿದೆ. ತಂಡಗಳು ಬೆಟ್ಟಕ್ಕೆ ಬರುವುದು ಬೇಡ, ಬೆಟ್ಟದ ಮಾತು ತಂಡಕ್ಕೆ ತಲುಪಿದರೆ ಸಾಕು.

ಅದಕ್ಕಾಗಿ 3 ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಕಾಫಿಪುಡಿ ಕೊಳ್ಳುವಾಗ ಚಿಕೋರಿ ಎಷ್ಟೆಂದು ಕೇಳಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಬಾರದೆಂಬುದು ನಿಯಮ, ಎಂದರೆ ಶೇ. 49ರವರೆಗೆ ಚಿಕೋರಿ ಸೇರಿಸಬಹುದು. ಅದು ಬೆಳೆಯುವುದು ಗುಜರಾತ್, ಉತ್ತರ ಪ್ರದೇಶಗಳ ಬಯಲಿನಲ್ಲಿ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಬೇಕು. ಚಿಕೋರಿ ಬೇಕೆನ್ನುವವರು ಕುಡಿಯಲಿ, ಆದರೆ ತಿಳಿದು ಕುಡಿಯಲಿ. ಅರೇಬಿಕಾವೋ ರೊಬಸ್ಟಾವೋ, ಯಾವ ಸೀಮೆಯದು ಎಂದು ನಾಲ್ಕು ಜನ ಕೇಳತೊಡಗಿದರೆ ಅಂಗಡಿಯವನೂ ತಿಳಿದುಕೊಳ್ಳುತ್ತಾನೆ.

ಎರಡನೆಯದು, ನಡಿಗೆ ನಡೆಸುವ ಯುವಕ ಯುವತಿಯರಿಗೆ ಋತುಮಾನದ ಪಟ್ಟಿಯೊಂದನ್ನು ನಾವೇ ಸಿದ್ಧಪಡಿಸಿ ಕೊಡೋಣ. ಯಾವ ತಿಂಗಳು ಯಾವ ಫಸಲು, ಅದು ಯಾವ ಹೊಲದ್ದು, ಯಾವಾಗ ತಿನ್ನಬಾರದು ಎಂಬುದೂ ಅದರಲ್ಲಿರಲಿ.

ಮೂರನೆಯದು, ವರ್ಷಕ್ಕೊಮ್ಮೆ ಬೆಳೆಗಾರರು ಹಾಗೂ ಈ ಮಾರ್ಗದರ್ಶಿಗಳು ಇದೇ ಜಯನಗರದಲ್ಲಿ ಒಂದು ಕಡೆ ಕುಳಿತು ಮಾತನಾಡಲಿ. ಮಾಗಡಿಯ ಅಕ್ಕಡಿ ರೈತನೂ ಕೊಡಗಿನ ಬೆಳೆಗಾರನೂ ತಮ್ಮ ಲೆಕ್ಕವನ್ನು ತಾವೇ ಹೇಳಲಿ. ಅವರ ಪರವಾಗಿ ನನ್ನಂಥವರು ಮಾತನಾಡುವುದಕ್ಕಿಂತ ಅದು ಮೇಲು.

ಅಂದಿನ ತಂಡದಲ್ಲಿದ್ದವರು ಯಾರೂ ಅರಸಿಕರಲ್ಲ. ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದರು, ಕೊಟ್ಟದ್ದನ್ನು ಮೆಚ್ಚಿ ತಿಂದರು. ಅವರಿಗೆ ಹೊಲದ ಕತೆ ಬೇಡವೆಂದಲ್ಲ, ಅದನ್ನು ಯಾರೂ ಹೇಳಲಿಲ್ಲ. ಎರಡೂ ಕಡೆಯನ್ನು ಬಲ್ಲ ಜನ ನೀವು. ತೀರ್ಥಹಳ್ಳಿಯಲ್ಲೋ ಮೂಡಿಗೆರೆಯಲ್ಲೋ ತೋಟವಿದ್ದು, ಬನಶಂಕರಿಯಲ್ಲಿ ಮನೆಯಿರುವವರು. ಹೇಳುವ ಹೊಣೆಯನ್ನು ನೀವು ವಹಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.